ಮಹಜರಿನಿಂದ ಹೈಕೋರ್ಟಿಗೆ: ಚಡಚಣದ ದಾರಿ

ಚಡಚಣದ ರೈತ ಹೊಲದ ತಂಟೆಗೆ ವಕೀಲರನ್ನು ಹಿಡಿಯುತ್ತಾನೆ, ಅರ್ಜಿ ಬರೆಸುತ್ತಾನೆ, ದಾವೆ ಹೂಡುತ್ತಾನೆ. ವಕೀಲ, ಅರ್ಜಿ, ದಾವೆ ಎಲ್ಲವೂ ಅರಬ್ಬಿ ಮೂಲದ ಮಾತುಗಳು. ಅವನಿಗೆ ಅವು ಅಚ್ಚಗನ್ನಡವೇ. ಇಂಥ ಪದಗಳಲ್ಲಿ 'ಮಹಜರು' ಎಂಬುದರ ಕಥೆ ಸ್ವಲ್ಪ ಬೇರೆ. ಇಂದು ಅದು ಪೊಲೀಸರು ಸ್ಥಳಕ್ಕೆ ಬಂದು ಪಂಚರ ಸಹಿ ಹಾಕಿಸಿಕೊಳ್ಳುವ ಕಾಗದ. ಆದಿಲಶಾಹಿ ಕಾಲದಲ್ಲಿ ಅದೇ ತೀರ್ಪಾಗಿತ್ತು.

'ಹಾಜರು' ಮತ್ತು 'ಮಹಜರು' ಒಂದೇ ಧಾತುವಿನ ಪದಗಳು. ಜಗಳ ಬಂದಾಗ ಸರ್ಕಾರಿ ಅಧಿಕಾರಿಗಳು, ಖಾಜಿ, ದೇಸಾಯಿ, ದೇಶಪಾಂಡೆ, ಗೌಡ, ಕುಲಕರ್ಣಿ, ಜೊತೆಗೆ ಊರ ಕಸುಬುದಾರರು ಸಭೆ ಸೇರುತ್ತಿದ್ದರು. ಎರಡೂ ಕಡೆಯ ಮಾತು ಕೇಳಿ ಬರೆದ ನಿರ್ಣಯಪತ್ರದಲ್ಲಿ ಹಾಜರಿದ್ದವರ ಹೆಸರೂ ಗುರುತೂ ಇರುತ್ತಿದ್ದವು. ಅದನ್ನು ಸತ್ಯಯುಗವೆಂದು ಕೊಂಡಾಡುವ ಅಗತ್ಯವಿಲ್ಲ. ಸಾಕ್ಷಿ ಸಿಗದಾಗ ಕಾದ ಲೋಹ ಮುಟ್ಟಿಸುವ 'ದಿವ್ಯ'ವೂ ನಡೆಯುತ್ತಿತ್ತು. ಸಭೆಯಲ್ಲಿ ಎಲ್ಲರ ಮಾತಿಗೂ ಒಂದೇ ತೂಕವಿರಲಿಲ್ಲ. ಆದರೆ ನ್ಯಾಯ ನಡೆಯುತ್ತಿದ್ದದ್ದು ಹೊಲದ ಬದು ಬಲ್ಲವರ ಎದುರಿಗೆ.

ರಾಜಧಾನಿ ವಿಜಾಪುರದಲ್ಲಿ ಮುಹಮ್ಮದ್ ಆದಿಲಶಾಹ 1646ರ ಸುಮಾರಿಗೆ ಒಂದು ನ್ಯಾಯಸಭೆಯನ್ನು ಕಟ್ಟಿಸಿದ. ದಾದ್ ಮಹಲ್ ಎಂದು ಅದರ ಹೆಸರು. ಪ್ರವಾದಿಯವರ ಪವಿತ್ರ ಅವಶೇಷಗಳನ್ನು ಅಲ್ಲಿರಿಸಿದ ಮೇಲೆ ಅದೇ ಅಸಾರ್ ಮಹಲ್ ಆಯಿತು. ಇನ್ನೊಂದು ಕಟ್ಟಡ ಅದಾಲತ್ ಮಹಲನ್ನು ಇಂಗ್ಲಿಷರು ಕಲೆಕ್ಟರರ ವಾಸಕ್ಕೆ ಬಳಸಿಕೊಂಡರು!

1827ರಲ್ಲಿ ಎಲ್ಫಿನ್‌ಸ್ಟನ್ನನ ಕಾಯಿದೆಗಳು ಬಂದವು, 1862ರಲ್ಲಿ ಮುಂಬಯಿ ಹೈಕೋರ್ಟು ಆರಂಭವಾಯಿತು. ನಮ್ಮ ಭಾಗದ ಮೇಲ್ಮನವಿಗಳೆಲ್ಲ ಅಲ್ಲಿಗೇ. ಆ ಕೋರ್ಟಿನ ಪೀಠದಲ್ಲಿ ರಾನಡೆ ಕೂತಿದ್ದರು. 1895ರಿಂದ ಬದ್ರುದ್ದೀನ್ ತ್ಯಾಬ್ಜಿ, 1901ರಿಂದ ನಮ್ಮ ಹೊನ್ನಾವರದ ನಾರಾಯಣ ಚಂದಾವರ್ಕರ್. ಚಡಚಣಕ್ಕೆ ವಿಜಯಪುರಕ್ಕಿಂತ ಸೋಲಾಪುರವೇ ಹತ್ತಿರ, ಅಲ್ಲಿಂದ ಮುಂಬಯಿಗೆ ರೈಲು. ಖರ್ಚಿನದಾದರೂ ದಾರಿ ನೇರವಾಗಿತ್ತು.

1956ರ ನವೆಂಬರ್ 1ರಂದು ಜಿಲ್ಲೆ ಕನ್ನಡನಾಡಿಗೆ ಸೇರಿತು. ಬೇಕೆಂದು ಹೋರಾಡಿ ಪಡೆದ ಏಕೀಕರಣವದು, ಅದರ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ. ವಕೀಲಿ ಮಾಡಿದ್ದ ಬಿ.ಡಿ. ಜತ್ತಿ ಮತ್ತು ಎಸ್.ಆರ್. ಕಂಠಿ, ಇಬ್ಬರೂ ಅಂದಿನ ವಿಜಾಪುರ ಜಿಲ್ಲೆಯವರೇ, ಮುಂದೆ ಮುಖ್ಯಮಂತ್ರಿಗಳಾದರು. ಆದರೆ ಕಕ್ಷಿದಾರನ ಲೆಕ್ಕ ಬೇರೆ. ಚಡಚಣದಿಂದ ಬೆಂಗಳೂರು ಮುಂಬಯಿಗಿಂತ ದೂರ. ಐನೂರು ಕಿಲೋಮೀಟರಿಗೂ ಹೆಚ್ಚು. ತನ್ನ ಭಾಷೆಯ ರಾಜ್ಯಕ್ಕೆ ಬಂದವನಿಗೆ ಹೈಕೋರ್ಟು ಇನ್ನಷ್ಟು ದೂರವಾಯಿತು. ಎರಡು ಎಕರೆ ಹೊಲಕ್ಕಾಗಿ ಬೆಂಗಳೂರಿನಲ್ಲಿ ವಕೀಲರನ್ನಿಟ್ಟು, ವಾಯಿದೆ ಬಿದ್ದಾಗಲೆಲ್ಲ ಹೋಗಿಬರಲು ಎಷ್ಟು ಮಂದಿಗೆ ಆದೀತು? ಕೆಳ ಕೋರ್ಟಿನಲ್ಲಿ ಸೋತು ಸುಮ್ಮನಾದವರನ್ನು ಯಾವ ವರದಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಉತ್ತರ ಕರ್ನಾಟಕದ ವಕೀಲರು ದಶಕಗಳ ಕಾಲ ಪೀಠಕ್ಕಾಗಿ ಚಳವಳಿ ಮಾಡಿದರು. 2008ರ ಜುಲೈನಲ್ಲಿ ಧಾರವಾಡ ಮತ್ತು ಗುಲ್ಬರ್ಗಾಗಳಲ್ಲಿ ಸಂಚಾರಿ ಪೀಠಗಳು ಬಂದವು, 2013ರಲ್ಲಿ ಕಾಯಂ ಆದವು. ವಿಜಾಪುರ ಜಿಲ್ಲೆ ಗುಲ್ಬರ್ಗಾದ, ಅಂದರೆ ಇಂದಿನ ಕಲಬುರಗಿಯ ಪೀಠಕ್ಕೆ ಸೇರಿತು. ಬೆಳಗ್ಗೆ ಹೊರಟರೆ ಅದೇ ದಿನ ತಲುಪಿ ವಕೀಲರನ್ನು ಕಾಣಬಹುದು ಎಂಬುದೇ ದೊಡ್ಡ ಬದಲಾವಣೆ.

ದೂರ ಕಡಿಮೆಯಾಯಿತು, ಭಾಷೆ ಉಳಿಯಿತು. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ಭಾಷೆ ಇಂಗ್ಲಿಷ್. 2024ರ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಪೀಠ ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ತೀರ್ಪು ಕೊಟ್ಟಾಗ ಅದೊಂದು ಸುದ್ದಿಯಾಯಿತು. ಏಕೀಕರಣವಾಗಿ ಆಗ 68 ವರ್ಷ. ಭೀಮೆಯ ದಂಡೆಯ ರೈತ ಇಂದಿಗೂ ತನ್ನ ಹೊಲದ ತೀರ್ಪನ್ನು ವಕೀಲರ ಬಾಯಿಂದಲೇ ಕೇಳಬೇಕು. ಅವನಿಗೆ ಓದಲು ಬರುವ ಭಾಷೆಯಲ್ಲಿ ಸಿಗುವುದು ಪೊಲೀಸರ ಮಹಜರು.