ಕಿದ್ವಾಯಿ ಸಂಸ್ಥೆಯೂ ನಮ್ಮ ಎಲೆಅಡಿಕೆ ಚೀಲವೂ

ನಮ್ಮ ಕೋರ ಹೋಬಳಿಯಲ್ಲಾಗಲಿ, ಗುಬ್ಬಿ, ಕುಣಿಗಲ್ ಕಡೆಯಲ್ಲಾಗಲಿ ‘ಕಿದ್ವಾಯಿಗೆ ಕರೆದುಕೊಂಡು ಹೋದರಂತೆ’ ಎಂದರೆ ಸಾಕು, ಕಾಯಿಲೆ ಯಾವುದೆಂದು ಯಾರೂ ಮತ್ತೆ ಕೇಳುವುದಿಲ್ಲ. ಊರವರ ಮಾತಿನಲ್ಲಿ ಆಸ್ಪತ್ರೆಯ ಹೆಸರೇ ರೋಗದ ಹೆಸರಾಗಿಬಿಟ್ಟಿದೆ. ಆ ಹೆಸರಿಗೆ ಅಂಜುವವರು ಬಹಳ. ಅದು ಯಾರ ಹೆಸರು, ಆ ಸಂಸ್ಥೆ ನಮಗಾಗಿ ಏನನ್ನು ಕಂಡುಹಿಡಿದಿದೆ ಎಂಬುದನ್ನು ಬಲ್ಲವರು ಕಡಿಮೆ. ನನ್ನ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಅದನ್ನು ತಿಳಿಸಬೇಕೆಂಬುದೇ ಈ ಲೇಖನದ ಉದ್ದೇಶ.

ರಫಿ ಅಹಮದ್ ಕಿದ್ವಾಯಿಯವರು ಉತ್ತರಪ್ರದೇಶದ ಬಾರಾಬಂಕಿ ಜಿಲ್ಲೆಯವರು, ಸ್ವಾತಂತ್ರ್ಯ ಹೋರಾಟಗಾರರು. ನೆಹರೂ ಅವರ ಮಂತ್ರಿಮಂಡಲದಲ್ಲಿ ಮೊದಲು ಸಂಪರ್ಕ ಖಾತೆಯನ್ನೂ ಬಳಿಕ ಆಹಾರ ಮತ್ತು ಕೃಷಿ ಖಾತೆಯನ್ನೂ ನಿರ್ವಹಿಸಿ, 1954ರ ಅಕ್ಟೋಬರಿನಲ್ಲಿ ತೀರಿಕೊಂಡರು. ಬೆಂಗಳೂರಿಗೆ ಡೀಪ್ ಎಕ್ಸ್-ರೇ ಚಿಕಿತ್ಸಾ ಯಂತ್ರವನ್ನು ತರಲು ಅವರಿಂದ ದೊರೆತ ಒಂದು ಲಕ್ಷ ರೂಪಾಯಿಯ ನೆರವೇ ಮುಂದೆ ಈ ಸಂಸ್ಥೆ ಬೆಳೆಯಲು ಬೀಜವಾಯಿತು. ಆ ಉಪಕಾರದ ಸ್ಮರಣೆಯೇ ಇಂದಿನ ಹೆಸರು.

ರಾಂಟ್‌ಜೆನ್ ಎಕ್ಸ್-ಕಿರಣವನ್ನು ಕಂಡುಹಿಡಿದುದು 1895ರಲ್ಲಿ. ಅನಂತರ ಕೆಲವೇ ವರ್ಷಗಳಲ್ಲಿ ಕಿರಣಗಳಿಂದ ಗೆಡ್ಡೆಗಳನ್ನು ಸುಡುವ ಚಿಕಿತ್ಸೆ ಯೂರೋಪಿನಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿಯೂ, ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಶ್ರಮದ ಫಲವಾದ ಮದರಾಸಿನ ಅಡ್ಯಾರ್ ಸಂಸ್ಥೆ 1954ರಲ್ಲಿಯೂ ಬಾಗಿಲು ತೆರೆದವು. ನಮ್ಮ ನಾಡಿನಲ್ಲಿ ಪ್ರತ್ಯೇಕ ಅರ್ಬುದ ಸಂಸ್ಥೆ ಬರಲು 1973ರವರೆಗೆ ಕಾಯಬೇಕಾಯಿತು. ಆ ವರ್ಷ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ, ನಿಮ್ಹಾನ್ಸ್ ಪಕ್ಕದಲ್ಲಿ, ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. ಅದರ ಸ್ಥಾಪಕ ನಿರ್ದೇಶಕರು ಡಾ. ಎಂ. ಕೃಷ್ಣ ಭಾರ್ಗವ ಅವರು. 1980ರಲ್ಲಿ ಸಂಸ್ಥೆಗೆ ಸ್ವಾಯತ್ತತೆ ದೊರೆಯಿತು. ಶಸ್ತ್ರಚಿಕಿತ್ಸೆ, ವಿಕಿರಣ, ಔಷಧ ಮೂರೂ ಒಂದೇ ಆವರಣದಲ್ಲಿ ಬಡವರಿಗೆ ದೊರೆಯುವಂತಾಯಿತು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಲ್ಲಿ ಸ್ಥಾಪನೆಯಾದ ಬಳಿಕ ಅದರ ಸ್ನಾತಕೋತ್ತರ ವಿದ್ಯಾರ್ಥಿಗಳೂ ಇಲ್ಲಿ ತರಬೇತಿ ಪಡೆಯುತ್ತಾರೆ. ವಾರಗಟ್ಟಲೆ ಚಿಕಿತ್ಸೆಗೆ ನಿಲ್ಲಬೇಕಾದ ಹಳ್ಳಿಗರಿಗಾಗಿ ಇನ್ಫೋಸಿಸ್ ಪ್ರತಿಷ್ಠಾನವು ಆವರಣದಲ್ಲಿ ಧರ್ಮಶಾಲೆಯನ್ನು ಕಟ್ಟಿಸಿಕೊಟ್ಟಿದೆ.

ಇವೆಲ್ಲ ಕಣ್ಣಿಗೆ ಕಾಣುವ ಕೆಲಸಗಳು. ಕಣ್ಣಿಗೆ ಕಾಣದ ಇನ್ನೊಂದು ಕೆಲಸವೂ ಅಲ್ಲಿ ನಡೆದಿದೆ. ಅದು ಲೆಕ್ಕ ಬರೆಯುವ ಕೆಲಸ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಆರಂಭಿಸಿದಾಗ, 1982ರಿಂದ ಬೆಂಗಳೂರಿನ ಜನಸಂಖ್ಯಾಧಾರಿತ ನೋಂದಣಿಯ ಹೊಣೆಯನ್ನು ಕಿದ್ವಾಯಿ ಸಂಸ್ಥೆ ಹೊತ್ತಿತು. ಸಿಬ್ಬಂದಿಯವರು ನಗರದ ಆಸ್ಪತ್ರೆಗಳಿಗೂ ಪ್ರಯೋಗಾಲಯಗಳಿಗೂ ಮರಣ ನೋಂದಣಿ ಕಚೇರಿಗಳಿಗೂ ತಾವೇ ಹೋಗಿ ಕಡತಗಳನ್ನು ನೋಡಬೇಕು. ಒಬ್ಬನೇ ರೋಗಿ ಎರಡು ಕಡೆ ತೋರಿಸಿದ್ದರೆ ಎರಡು ಬಾರಿ ಎಣಿಸದಂತೆ ಎಚ್ಚರ ವಹಿಸಬೇಕು. ಹೊರಊರಿನವರನ್ನು ಬಿಟ್ಟು ನಗರವಾಸಿಗಳನ್ನಷ್ಟೇ ಸೇರಿಸಬೇಕು. ಆಸ್ಪತ್ರೆಗೆ ಬಂದವರ ಸಂಖ್ಯೆ ಆಸ್ಪತ್ರೆಯ ಕಥೆಯನ್ನು ಮಾತ್ರ ಹೇಳುತ್ತದೆ. ಇಂತಿಷ್ಟು ಜನಸಂಖ್ಯೆಯಲ್ಲಿ ಇಂತಿಷ್ಟು ಮಂದಿಗೆ ಇಂತಹ ಅಂಗದಲ್ಲಿ ರೋಗ ಬಂದಿದೆ ಎಂಬ ಲೆಕ್ಕವಾದರೋ ಸಮಾಜದ ಕಥೆಯನ್ನು ಹೇಳುತ್ತದೆ.

ತಾಂಬೂಲ ಜಗಿಯುವವರಲ್ಲಿ ಬಾಯಿಯ ಅರ್ಬುದ ಹೆಚ್ಚೆಂಬ ಗುಮಾನಿ ಹಳೆಯದು. ತಿರುವಾಂಕೂರಿನ ಜಗಿಯುವವರನ್ನು ಕುರಿತು ಐ. ಎಂ. ಆರ್ ಎಂಬ ವೈದ್ಯರು 1933ರಲ್ಲಿಯೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದರು. ಆದರೆ ‘ನಮ್ಮಜ್ಜಿ ತೊಂಬತ್ತು ವರ್ಷ ಹೊಗೆಸೊಪ್ಪು ಹಾಕಿದಳು, ಏನೂ ಆಗಲಿಲ್ಲ’ ಎನ್ನುವವರಿಗೆ ಉತ್ತರ ಕೊಡಲು ಲೆಕ್ಕವೇ ಬೇಕು. ಕಿದ್ವಾಯಿಯ ನೋಂದಣಿಯನ್ನು ಆಧರಿಸಿ ಡಾ. ಎ. ನಂದಕುಮಾರ್ ಮತ್ತು ಅವರ ಸಂಗಡಿಗರು ಆ ಕೆಲಸ ಮಾಡಿದರು. ಪ್ರತಿ ರೋಗಿಗೂ ಪ್ರತಿಯಾಗಿ ಅದೇ ವಯೋಮಾನದ, ಅದೇ ಲಿಂಗದ, ಅದೇ ಪ್ರದೇಶದ ರೋಗವಿಲ್ಲದ ಒಬ್ಬರನ್ನು ಆರಿಸಿ, ಇಬ್ಬರ ಅಭ್ಯಾಸಗಳನ್ನೂ ಹೋಲಿಸಿದರು. ಫಲಿತಾಂಶ 1990ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಕ್ಯಾನ್ಸರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಗೆಸೊಪ್ಪು ಸೇರಿದ ಎಲೆಅಡಿಕೆಯನ್ನು ಜಗಿದ ವರ್ಷಗಳು ಹೆಚ್ಚಿದಂತೆ, ದಿನಕ್ಕೆ ಹಾಕುವ ಸರದಿ ಹೆಚ್ಚಿದಂತೆ, ಬಾಯಲ್ಲಿ ಇರಿಸಿಕೊಳ್ಳುವ ಹೊತ್ತು ಹೆಚ್ಚಿದಂತೆ ಅಪಾಯವೂ ಏರುತ್ತಿತ್ತು. ಹೆಂಗಸರಲ್ಲಿ ಆ ಅಪಾಯ ಗಂಡಸರಿಗಿಂತಲೂ ಬಹಳ ಹೆಚ್ಚಾಗಿ ಕಂಡುಬಂದಿತು. ದವಡೆಯಲ್ಲಿ ಕಡ್ಡಿಪುಡಿ ಒತ್ತಿಕೊಂಡು ನಿದ್ದೆಹೋಗುವ ನಮ್ಮ ಕಡೆಯ ಅತ್ತೆ, ಅಜ್ಜಿಯಂದಿರನ್ನು ನೆನೆದುಕೊಂಡರೆ ಈ ಮಾತಿನ ತೂಕ ತಿಳಿಯುತ್ತದೆ.

ಇಷ್ಟಕ್ಕೆ ಮುಗಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ಹೊಗೆಸೊಪ್ಪಿಲ್ಲದ ಎಲೆಅಡಿಕೆಯೂ, ಬರಿಯ ಅಡಿಕೆಯೂ ಅರ್ಬುದಕಾರಕವೆಂದು ನಿರ್ಣಯಿಸಿತು. ಅಡಿಕೆ ತೋಟವನ್ನೇ ನಂಬಿದ ನಮ್ಮ ಜಿಲ್ಲೆಗೆ ಇದು ಕಹಿಯಾದ ಮಾತು. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರ ಶಾಲಾ ಶುಲ್ಕ ಬಂದುದು ಅಡಿಕೆಯಿಂದಲೇ. ಆದರೆ ಅನ್ನ ಕೊಟ್ಟ ಬೆಳೆ ಎಂಬ ಕಾರಣಕ್ಕೆ ಲೆಕ್ಕವನ್ನು ಸುಳ್ಳೆನ್ನಲಾಗದು. ಬೆಳೆಯುವವರ ಕಷ್ಟಕ್ಕೆ ಸರ್ಕಾರವೂ ಸಮಾಜವೂ ದಾರಿ ಹುಡುಕಬೇಕು. ಜಗಿಯುವವರ ಬಾಯನ್ನು ಪಣಕ್ಕಿಡುವುದು ಆ ದಾರಿಯಲ್ಲ. ಕರ್ನಾಟಕ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ವ್ಯಾಪಾರಿಗಳು ಪಾನ್ ಮಸಾಲಾ ಒಂದು ಪೊಟ್ಟಣ, ಹೊಗೆಸೊಪ್ಪು ಇನ್ನೊಂದು ಪೊಟ್ಟಣ ಎಂದು ಬೇರೆ ಮಾಡಿ ಮಾರತೊಡಗಿದರು. ಕಾನೂನು ಅಂಗಡಿಯವರೆಗೆ ಬರಬಹುದು, ಬಾಯಿಯವರೆಗೆ ಬರಲಾರದು.

ಆದುದರಿಂದ ಕೊನೆಯದಾಗಿ ಒಂದು ವಿನಂತಿ. ಬಾಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಖಾರ ತಾಗಿದರೆ ಉರಿ, ಬಾಯಿ ಮೊದಲಿನಂತೆ ಅಗಲವಾಗಿ ತೆರೆಯದಿರುವುದು ಇವುಗಳಲ್ಲಿ ಯಾವುದೊಂದು ಕಂಡರೂ ನಾಟಿ ಔಷಧಿ, ಹರಕೆ ಎಂದು ತಿಂಗಳುಗಳನ್ನು ಕಳೆಯದೆ ವೈದ್ಯರಿಗೆ ತೋರಿಸಿರಿ. ಬಾಯಿಯ ಅರ್ಬುದವನ್ನು ಆರಂಭದಲ್ಲಿಯೇ ಕಂಡುಕೊಂಡರೆ ಗುಣವಾಗುವ ಸಂಭವ ಹೆಚ್ಚು. ದವಡೆಗೂ ಕುತ್ತಿಗೆಯ ಗಂಟುಗಳಿಗೂ ಹಬ್ಬಿದ ಮೇಲೆ ಬಹಳ ಕಡಿಮೆ. ಖರ್ಚಿಗೆ ಅಂಜುವವರು 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬೇಕು.

ವೀಳ್ಯ ಪೂಜೆಯ ತಟ್ಟೆಯಲ್ಲಿರಲಿ, ಮದುವೆಯ ಮಂಟಪದಲ್ಲಿರಲಿ. ಅದಕ್ಕೆ ಯಾರ ತಕರಾರೂ ಇಲ್ಲ. ಬೆಂಗಳೂರು, ಮೈಸೂರುಗಳಲ್ಲಿದ್ದು ಇದನ್ನು ಓದುತ್ತಿರುವ ನೀವು ಮುಂದಿನ ಬಾರಿ ಊರಿಗೆ ಹೋದಾಗ, ಮನೆಯ ಹಿರಿಯರಿಗೆ ಇದನ್ನು ಓದಿ ಹೇಳಿ, ಒಮ್ಮೆ ಬಾಯಿ ತೆರೆಸಿ ಬೆಳಕಿನಲ್ಲಿ ನೋಡಿರಿ.