ಎರಿ ನೆಲದ ದಾರಿಯೂ ಹಳೇ ಬುಲೆಟ್ಟಿನ ಫೋರ್ಕೂ

ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಡ್ಡವನ್ನು ನಂಬಿ ಬೆಳೆದ ಊರುಗಳು. ಕೋಟೆಗೆ ಕಲ್ಲು ಬೇಕಿತ್ತು, ಎತ್ತರ ಬೇಕಿತ್ತು. ಎರಡೂ ಗುಡ್ಡದಲ್ಲಿ ಸಿಕ್ಕವು. ಊರಿನ ಬುಡದಲ್ಲಿ ಮಸಾರಿ, ಊರು ದಾಟಿದರೆ ಕೃಷ್ಣಾ ಮತ್ತು ಭೀಮಾ ನಡುವಿನ ಎರಿ, ಅಂದರೆ ಕಪ್ಪು ಮಣ್ಣು. ಇವತ್ತು ಹಳೇ ಬುಲೆಟ್ಟೋ ಯೆಜ್ಡಿಯೋ ಇಟ್ಟುಕೊಂಡು ದೂರದ ದಾರಿ ಹಿಡಿಯುವವರು ಮುಂದಿನ ಶಾಕಪ್, ಅಂದರೆ ಫೋರ್ಕು, ಸುಧಾರಿಸುವ ಮಾತೆತ್ತಿದರೆ, ಮೊದಲು ಬರುವ ಪ್ರಶ್ನೆ ಗಟ್ಟಿ ಸ್ಪ್ರಿಂಗ್ ಎಲ್ಲಿ ಸಿಗುತ್ತದೆ ಎಂಬುದು. ಆ ಪ್ರಶ್ನೆಯೇ ದಾರಿ ತಪ್ಪಿದ್ದು ಎಂದು ನನಗನಿಸುತ್ತದೆ. ಈ ನೆಲದ ಮೇಲೆ ಓಡುವ ಗಾಡಿಗೆ ಕೊರತೆಯಾಗಿರುವುದು ಸ್ಪ್ರಿಂಗಿನ ಬಲವಲ್ಲ, ಸ್ಪ್ರಿಂಗನ್ನು ಹಿಡಿದು ನಿಲ್ಲಿಸುವ ಎಣ್ಣೆಯ ಬಿಗಿ. ಇದನ್ನು ಮೆಕ್ಯಾನಿಕ್ಕಿನ ಅಂಗಡಿಗಿಂತ ಇಲ್ಲಿನ ದಾರಿಗಳ ಚರಿತ್ರೆ ಚೆನ್ನಾಗಿ ಹೇಳುತ್ತದೆ.

ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದ ಕಾಲಕ್ಕೆ ಅಧಿಕಾರಿಗಳ ಸವಾರಿ ಕುದುರೆ ಮತ್ತು ಪಲ್ಲಕ್ಕಿ. ದಾರಿಯ ಕುಲುಕಾಟವನ್ನೆಲ್ಲ ಬೋಯಿಗಳ ಮೊಣಕಾಲು, ಹೆಗಲುಗಳು ನುಂಗುತ್ತಿದ್ದವು. ಸರಕು ಹೊರುತ್ತಿದ್ದ ಬಂಡಿಗೆ ಸ್ಪ್ರಿಂಗೆಂಬುದೇ ಇರಲಿಲ್ಲ. ಮರದ ಗಾಲಿ, ಅದರ ಮೇಲೆ ಕಬ್ಬಿಣದ ಹಳಿ, ನಡುವೆ ಅಚ್ಚು, ಅಚ್ಚಿನ ಮೇಲೆ ನೇರವಾಗಿ ಕೂತ ಬಂಡಿ. ಇದನ್ನು ಹಿಂದುಳಿದ ತಂತ್ರವೆಂದು ತಳ್ಳಿಹಾಕುವುದು ಸುಲಭ. ಆದರೆ ಬೇಸಿಗೆಯ ಎರಿ ದಾರಿಯಲ್ಲಿ ಗಾಲಿಯ ಕೆಳಗಿನ ಪುಡಿಮಣ್ಣೇ ತಗ್ಗಿಕೊಡುತ್ತಿತ್ತು. ಮಳೆಗಾಲದಲ್ಲಿ ಹಳಿಯೇ ಹೂತುಹೋಗಿ ಪಯಣವೇ ನಿಲ್ಲುತ್ತಿತ್ತು. ಎತ್ತಿನ ನಡಿಗೆಯ ವೇಗಕ್ಕೆ ಅಷ್ಟು ಸಾಕು. ಸುರಪುರ 1860ರಲ್ಲಿ ನಿಜಾಮರ ಕೈಸೇರಿತು. 1871ರಲ್ಲಿ ಮುಂಬಯಿ ಮತ್ತು ಮದ್ರಾಸುಗಳನ್ನು ಜೋಡಿಸಿದ ರೈಲು ಮಾರ್ಗದ ಮೇಲೆ ಯಾದಗಿರಿ ಬಿತ್ತು. 1932ರಲ್ಲಿ ನಿಜಾಮರ ರೈಲ್ವೆ ತನ್ನದೇ ರಸ್ತೆ ಸಾರಿಗೆ ವಿಭಾಗ ತೆರೆದು 27 ಬಸ್ಸುಗಳೊಂದಿಗೆ ಸೇವೆ ಆರಂಭಿಸಿತು. ಮೋಟಾರು ಬಂದಲ್ಲೆಲ್ಲ ಖಡಿ ರಸ್ತೆ, ಆಮೇಲೆ ಡಾಂಬರು. ಗಟ್ಟಿ ರಸ್ತೆ ಬಂದ ಮೇಲೆ ಮಣ್ಣು ಮಾಡುತ್ತಿದ್ದ ಕೆಲಸವನ್ನು ಗಾಡಿ ತಾನೇ ಮಾಡಬೇಕಾಯಿತು. ಟಾಂಗಾ, ಬಸ್ಸು, ಲಾರಿಗಳು ಕಮಾನು ಪಟ್ಟಿ ತೊಟ್ಟೇ ಬಂದವು.

ಮೋಟಾರ್ ಸೈಕಲ್ಲಿನ ಕಥೆ ಬೇರೆ ನೆಲದಲ್ಲಿ ಶುರುವಾದದ್ದು. ಎಣ್ಣೆಯ ಹಿಡಿತವಿರುವ ಟೆಲಿಸ್ಕೋಪಿಕ್ ಫೋರ್ಕನ್ನು ಬಿಎಂಡಬ್ಲ್ಯು 1935ರಲ್ಲಿ ಆರ್12ಕ್ಕೆ ಜೋಡಿಸಿತು. ಯುದ್ಧಾನಂತರ ಇಂಗ್ಲೆಂಡಿನ ರೆಡ್ಡಿಚ್‌ನಲ್ಲಿ ರೂಪುಗೊಂಡ ಬುಲೆಟ್ ಅಂಥದೇ ಫೋರ್ಕಿನೊಂದಿಗೆ ನಮ್ಮ ಸೇನೆಗೆ ಬಂತು, 1955ರಿಂದ ಮದ್ರಾಸಿನಲ್ಲೇ ಅದರ ಜೋಡಣೆ ನಡೆಯಿತು. ಮೈಸೂರಿನ ಐಡಿಯಲ್ ಜಾವಾ 1961ರಲ್ಲಿ ಬಾಗಿಲು ತೆರೆಯಿತು. ಅದರ ರೋಡ್‌ಕಿಂಗ್ 1978ರದ್ದು. ಇವುಗಳ ಮುಂದಿನ ಫೋರ್ಕು ತನ್ನ ಕಾಲಕ್ಕೆ ಒಳ್ಳೆಯದೇ. ಬದಲಾದದ್ದು ನಮ್ಮ ನೆಲ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ 1982ರಲ್ಲಿ ಮುಗಿದು, ಎಡದಂಡೆ ಕಾಲುವೆ, ಶಹಾಪುರ ಶಾಖಾ ಕಾಲುವೆಗಳ ನೀರು ಹರಿದ ಮೇಲೆ ಜೋಳದ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ಎರಿ ಮಣ್ಣು ನೀರುಂಡರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ರಸ್ತೆಯ ನಡುಭಾಗದಡಿ ತೇವ ಹೆಚ್ಚು ಬದಲಾಗುವುದಿಲ್ಲ. ಅಂಚಿನಲ್ಲಿ ಮಾತ್ರ ಒಂದು ಹಂಗಾಮಿಗೆ ನೀರು, ಇನ್ನೊಂದಕ್ಕೆ ಬಿಸಿಲು. ಹೀಗಾಗಿ ಅಂಚಿನುದ್ದಕ್ಕೂ ಬಿರುಕು, ಡಾಂಬರಿನ ಮೈಮೇಲೆ ನಿಧಾನವಾದ ಉದ್ದುದ್ದ ಏರಿಳಿತ. ಐಐಟಿ ಮುಂಬಯಿಯ ಆರ್. ಕೆ. ಕಟ್ಟಿಯವರು ಉಬ್ಬದ ಮಣ್ಣಿನ ದಪ್ಪ ಪದರವೊಂದನ್ನು ನಡುವೆ ಹಾಸುವ ವಿಧಾನ ರೂಪಿಸಿದ್ದು ಇಂಥ ಮಣ್ಣಿನ ಕಾಟಕ್ಕೇ. ಪ್ರತಿ ಹಳ್ಳಿ ರಸ್ತೆಗೂ ಅಷ್ಟು ಖರ್ಚು ಮಾಡುವವರು ಯಾರು?

ಈಗ ಆ ಏರಿಳಿತದ ಮೇಲೆ ಇಬ್ಬರನ್ನು ಹೊತ್ತ ಹಳೇ ಬುಲೆಟ್ ಗಂಟೆಗೆ 70 ಕಿ.ಮೀ. ವೇಗದಲ್ಲಿ ಬರುತ್ತದೆ ಎನ್ನೋಣ. ಉಬ್ಬು ಉದ್ದವಾದ್ದರಿಂದ ಫೋರ್ಕು ನಿಧಾನಕ್ಕೆ ಒಳಸರಿಯುತ್ತದೆ, ನಿಧಾನಕ್ಕೆ ಹೊರಬರುತ್ತದೆ. ಹಳೆಯ ಫೋರ್ಕಿನಲ್ಲಿ ಎಣ್ಣೆ ಹಾಯುವುದು ಸಣ್ಣ ತೂತುಗಳ ಮೂಲಕ. ತೂತಿನ ಸ್ವಭಾವವೆಂದರೆ, ಎಣ್ಣೆಯ ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ವೇಗ ಕಡಿಮೆಯಿದ್ದರೆ ತಡೆ ಇಲ್ಲವೆನ್ನುವಷ್ಟು. ಆದ್ದರಿಂದ ಉದ್ದ ಉಬ್ಬಿನ ಮೇಲೆ ಹಿಡಿತ ಸಾಲದೆ ಗಾಡಿಯ ಮೂತಿ ಏಳುತ್ತ ಬೀಳುತ್ತ ಸಾಗುತ್ತದೆ. ಊರೊಳಗಿನ ಚೂಪು ಹಂಪು ಬಂದಾಗ ಅದೇ ತೂತು ಕಟ್ಟಿಕೊಂಡು ಪೆಟ್ಟನ್ನು ನೇರ ಮಣಿಕಟ್ಟಿಗೆ ಕಳಿಸುತ್ತದೆ. ಗುಡ್ಡದ ಕಲ್ಲು ಹಾದಿಗೆ ಬಿರುಸು, ಎರಿ ದಾರಿಗೆ ಸಡಿಲು. ಇಲ್ಲಿ ಗಟ್ಟಿ ಸ್ಪ್ರಿಂಗ್ ಹಾಕಿದರೇನಾಗುತ್ತದೆ? ಸ್ಪ್ರಿಂಗು ಪೆಟ್ಟನ್ನು ಕರಗಿಸುವುದಿಲ್ಲ, ಇಟ್ಟುಕೊಂಡು ತಿರುಗಿ ಕೊಡುತ್ತದೆ. ಗಟ್ಟಿಯಾದಷ್ಟೂ ತಿರುಗಿ ಒದೆಯುವುದು ಜೋರು. ಹಾಗಾದರೆ ಮಂದ ಎಣ್ಣೆ ಸುರಿದರಾಯಿತಲ್ಲ ಎನ್ನುವವರಿದ್ದಾರೆ. ಅರ್ಧ ಸರಿ: ಏರಿಳಿತ ಹಿಡಿತಕ್ಕೆ ಬರುತ್ತದೆ, ಹಂಪಿನ ಪೆಟ್ಟು ಇನ್ನೂ ಕೆಡುತ್ತದೆ. ಈ ತೂತುಗಳುಳ್ಳ ಡ್ಯಾಂಪರ್ ರಾಡ್ ಇರುವ ಫೋರ್ಕುಗಳಿಗೆಂದೇ ಬರುವ, ರಾಡಿನ ತಲೆಯ ಮೇಲೆ ಸ್ಪ್ರಿಂಗಿನಡಿ ಕೂರುವ ಪುಟ್ಟ ವಾಲ್ವ್ ಈ ಬಿಕ್ಕಟ್ಟನ್ನೇ ಬಿಡಿಸುತ್ತದೆ. ರಾಡಿನ ಕೆಳಗಿನ ತೂತುಗಳನ್ನು ಹಿಗ್ಗಿಸಿದರೆ ಒಳಸರಿಯುವಾಗಿನ ತಡೆಯನ್ನು ವಾಲ್ವ್ ನೋಡಿಕೊಳ್ಳುತ್ತದೆ, ಚೂಪು ಪೆಟ್ಟಿಗೆ ಅದು ತೆರೆದುಕೊಳ್ಳುತ್ತದೆ. ಹೊರಬರುವಾಗಿನ ಹಿಡಿತವಷ್ಟೇ ಎಣ್ಣೆಯ ಮಂದಕ್ಕೆ ಬಿಟ್ಟದ್ದು.

ಅಪ್ಪಂದಿರ ಕಾಲದಲ್ಲಿ ಇದ್ಯಾವುದೂ ಇಲ್ಲದೆ ಹಂಪಿ, ಶ್ರೀಶೈಲ ಸುತ್ತಿ ಬರಲಿಲ್ಲವೇ ಎಂಬ ಆಕ್ಷೇಪ ಹುಸಿಯಲ್ಲ. ಬಂದರು, ಆದರೆ ನಿಧಾನದ ವೇಗದಲ್ಲಿ, ಕಾಲುವೆಗೆ ಮುಂಚಿನ ರಸ್ತೆಯ ಮೇಲೆ. ಜೇವರ್ಗಿಯಿಂದ ಶಹಾಪುರ, ಸುರಪುರದ ಮೇಲೆ ಹೋಗುವ 150ಎ ಹೆದ್ದಾರಿ ಈಗ ಸುಧಾರಿಸಿದೆಯಲ್ಲ ಎಂದರೆ, ಹೆದ್ದಾರಿ ಬಿಟ್ಟು ಹಳ್ಳಿಯತ್ತ ಹೊರಳಿದ ಮೇಲಿನ ದಾರಿಗೆ ಆ ಮಾತು ಅನ್ವಯಿಸದು. ಎಲ್ಲಕ್ಕಿಂತ ತೂಕದ ಆಕ್ಷೇಪ ಇನ್ನೊಂದು: ಇಷ್ಟೆಲ್ಲ ಯಾಕೆ, ಹೊಸ ಗಾಡಿಯೊಂದರ ಫೋರ್ಕನ್ನೇ ಇಡಿಯಾಗಿ ಕೂರಿಸಬಾರದೇ? 2016ರ ಹಿಮಾಲಯನ್ ಫೋರ್ಕಿಗೆ 200 ಮಿ.ಮೀ. ಚಲನೆಯಿದೆ, ಆಸೆ ಸಹಜ. ಆದರೆ ಫೋರ್ಕಿನೊಂದಿಗೆ ಗಾಲಿ, ಬ್ರೇಕು, ಸ್ಟೆಮ್ಮು ಎಲ್ಲ ಬದಲಾಗಬೇಕು. ಮುಂಭಾಗ ಎತ್ತರವಾಗಿ ಫೋರ್ಕಿನ ಓರೆ ಬದಲಾದರೆ ತಿರುವಿನಲ್ಲಿ ಗಾಡಿಯ ನಡತೆಯೇ ಬೇರೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಸುಪ್ರೀಂ ಕೋರ್ಟು 2019ರಲ್ಲಿ ಎತ್ತಿಹಿಡಿದಿದೆ, ಅದೂ ನೆನಪಿರಲಿ. ಇನ್ನು ವಾಲ್ವಿಗೆ ಹಣ ಹಾಕುವ ಮುಂಚೆ ಫೋರ್ಕ್ ಪೈಪು ನೆಟ್ಟಗಿದೆಯೇ, ಬುಶ್ ಸವೆದಿದೆಯೇ ನೋಡಬೇಕು. ಎರಿ ಧೂಳು ಸೇರಿ ಆಯಿಲ್ ಸೀಲು ಕಚ್ಚಿಹೋಗಿದ್ದರೆ ಯಾವ ವಾಲ್ವೂ ಕೆಲಸಕ್ಕೆ ಬಾರದು. ಒಳರಚನೆ ಮಾದರಿಯಿಂದ ಮಾದರಿಗೆ ಬೇರೆ. ಬಿಚ್ಚಿ ಅಳೆಯದೆ ತರಿಸಿದರೆ ಹಣ ದಂಡ. ಸವಾರರು ಕೂತಾಗ ಫೋರ್ಕು ತನ್ನ ಒಟ್ಟು ಚಲನೆಯ ಮೂರನೇ ಒಂದರಷ್ಟಕ್ಕಿಂತ ಹೆಚ್ಚು ಕುಸಿಯುತ್ತಿದ್ದರೆ, ಆಗ ಮಾತ್ರ ಸ್ಪ್ರಿಂಗಿನ ಮಾತು ಎತ್ತಬಹುದು.