ಯಾರ ದನಿ, ಯಾರ ದುಡ್ಡು?

ಕೆಲವು ವರ್ಷಗಳ ಹಿಂದೆ ಅಮೆರಿಕದ ವಾಷಿಂಗ್ಟನ್ ನಗರದ ಪಕ್ಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಗೋಕಾಕದ ಮಾತು ಅವನ ನಾಲಗೆಯಿಂದ ಇನ್ನೂ ಹೋಗಿಲ್ಲ. "ಸರ್, ಇಲ್ಲಿ ಕಾರಿನ್ಯಾಗ ರೇಡಿಯೋ ಹಚ್ಚಿದ್ರ ರಷ್ಯಾ ಸರ್ಕಾರದ ಕಾರ್ಯಕ್ರಮ ಬರತೈತ್ರಿ, ಅದೂ ಅಮೆರಿಕದ ರಾಜಧಾನ್ಯಾಗ! ಆದ್ರ ನಡುನಡುವ, ಇದು ರಷ್ಯಾದ ಸರ್ಕಾರಿ ಸಂಸ್ಥೆಯ ಪರವಾಗಿ ಬರಾಕತ್ತೈತಿ ಅಂತ ಹೇಳತಾರ್ರಿ. ನಮ್ಮ ಕಡೆ ಹಿಂಗ ಯಾವಾಗರ ಇತ್ತೇನ್ರಿ?" ಎಂದು ಕೇಳಿದ. ನಾನು ಯೋಚಿಸದೆ "ಇಲ್ಲಪಾ, ನಮ್ಮಲ್ಲಿ ಇಂಥಾದ್ದು ಇರಲಿಲ್ಲ" ಎಂದುಬಿಟ್ಟೆ. ಇತಿಹಾಸವನ್ನು ಮೂರು ದಶಕಗಳ ಕಾಲ ಪಾಠ ಮಾಡಿದವನು ಆಡಬಾರದ ಮಾತು ಅದು. ಆ ಉತ್ತರವನ್ನು ತಿದ್ದುವುದಕ್ಕಾಗಿಯೇ ಈ ಬರಹ.

ಮೊದಲು ಅವನು ಕೇಳಿದ್ದರ ಹಿನ್ನೆಲೆಯನ್ನು ಹೇಳುತ್ತೇನೆ. ಪರದೇಶದ ಸರ್ಕಾರದ ಪರವಾಗಿ ಪ್ರಚಾರ ಮಾಡುವವರು ತಮ್ಮ ಹೆಸರನ್ನು ಸರ್ಕಾರದಲ್ಲಿ ನೋಂದಾಯಿಸಬೇಕೆಂಬ ಕಾನೂನು ಅಮೆರಿಕದಲ್ಲಿ 1938ರಿಂದಲೂ ಇದೆ. ಆಗ ಅವರಿಗೆ ಭಯವಿದ್ದದ್ದು ಹಿಟ್ಲರನ ಜರ್ಮನಿಯದು. 2017ರಲ್ಲಿ ರಷ್ಯಾದ ಸ್ಪುಟ್ನಿಕ್ ರೇಡಿಯೋ ವಾಷಿಂಗ್ಟನ್ನಿನ ಒಂದು ಬಾನುಲಿ ಕೇಂದ್ರದ ಸಮಯವನ್ನು ಬಾಡಿಗೆಗೆ ಪಡೆಯಿತು. ಸಮಯ ಮಾರಿದ ಕಂಪನಿಯು ಈ ಹಳೆಯ ಕಾನೂನಿನಡಿ ನೋಂದಾಯಿಸಿಕೊಳ್ಳಲೇಬೇಕೆಂದು 2019ರಲ್ಲಿ ನ್ಯಾಯಾಲಯ ಹೇಳಿತು. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಸಂಪರ್ಕ ಆಯೋಗ ಇನ್ನೊಂದು ನಿಯಮ ಮಾಡಿತು: ಪರಸರ್ಕಾರದ ದುಡ್ಡಿನ ಕಾರ್ಯಕ್ರಮಕ್ಕೆ ಸಮಯ ಕೊಟ್ಟ ಕೇಂದ್ರವು ಆದಿಯಲ್ಲಿ, ಅಂತ್ಯದಲ್ಲಿ, ಕಾರ್ಯಕ್ರಮ ಉದ್ದವಾಗಿದ್ದರೆ ಗಂಟೆಗೊಮ್ಮೆಯಾದರೂ ಯಾವ ದೇಶದ ಪರವಾಗಿ ಯಾರು ಇದನ್ನು ಕೊಟ್ಟಿದ್ದಾರೆಂದು ಕೇಳುಗರಿಗೆ ಹೇಳಬೇಕು. ಕಾರ್ಯಕ್ರಮವನ್ನು ನಿಷೇಧಿಸುವುದಿಲ್ಲ, ಅದರ ಹಣೆಯ ಮೇಲೆ ಹೆಸರು ಬರೆಯುತ್ತಾರೆ, ಅಷ್ಟೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನೀವೆಲ್ಲ ನನ್ನ ತರಗತಿಯಲ್ಲಿ ಕುಳಿತು ಆಜಾದ್ ಹಿಂದ್ ರೇಡಿಯೋದ ಪಾಠ ಕೇಳಿದವರು. ಸುಭಾಷಚಂದ್ರ ಬೋಸರು ಕಲಕತ್ತೆಯ ಮನೆಯಿಂದ ತಪ್ಪಿಸಿಕೊಂಡದ್ದು, ಒರ್ಲಾಂಡೋ ಮಝೋಟಾ ಎಂಬ ಇಟಲಿಯವನ ಹೆಸರಿನಲ್ಲಿ ಬರ್ಲಿನ್ ತಲುಪಿದ್ದು, 1942ರ ಫೆಬ್ರವರಿಯಲ್ಲಿ ತಮ್ಮ ನಿಜನಾಮದಿಂದ ಬಾನುಲಿಯಲ್ಲಿ ಮಾತನಾಡಿದ್ದು, ಇದೆಲ್ಲವನ್ನೂ ನಾನು ಮೈಮರೆತು ಹೇಳುತ್ತಿದ್ದೆ. ಹಿಂದಿನ ಬೆಂಚಿನವರೂ ಆ ದಿನ ಗಲಾಟೆ ಮಾಡುತ್ತಿರಲಿಲ್ಲ. ಆದರೆ ಆ ರೇಡಿಯೋಕ್ಕೆ ದುಡ್ಡು ಕೊಟ್ಟವರು ಯಾರು ಎಂಬುದನ್ನು ನಾನು ಒಮ್ಮೆಯೂ ಹೇಳಲಿಲ್ಲ. ಕೊಟ್ಟದ್ದು ಜರ್ಮನಿಯ ವಿದೇಶಾಂಗ ಇಲಾಖೆ. ಪ್ರಸಾರ ಯಂತ್ರ ಇದ್ದದ್ದು ಜರ್ಮನಿ ಆಕ್ರಮಿಸಿಕೊಂಡಿದ್ದ ಹಾಲೆಂಡಿನಲ್ಲಿ. ಆ ಹಣವನ್ನು ಸಾಲವೆಂದೇ ಭಾವಿಸಬೇಕು, ಸ್ವತಂತ್ರ ಭಾರತ ಅದನ್ನು ತೀರಿಸುತ್ತದೆ ಎಂದು ಬೋಸರು ಪಟ್ಟು ಹಿಡಿದಿದ್ದರು. ಅದು ಅವರ ಸ್ವಾಭಿಮಾನ. ಆದರೆ ಆ ಲೆಕ್ಕ ಕೇಳುಗನಿಗೆ ಗೊತ್ತಿರಲಿಲ್ಲ.

ಇದಕ್ಕಿಂತ ತೊಡಕಿನ ಸಂಗತಿ ಇನ್ನೊಂದಿದೆ. ಬರ್ಲಿನ್ನಿನ ಅದೇ ಬಳಗದಿಂದ ನ್ಯಾಷನಲ್ ಕಾಂಗ್ರೆಸ್ ರೇಡಿಯೋ, ಆಜಾದ್ ಮುಸ್ಲಿಂ ರೇಡಿಯೋ ಎಂಬ ಹೆಸರಿನ ಪ್ರಸಾರಗಳೂ ಹೊರಡುತ್ತಿದ್ದವು. ಹೆಸರು ಕೇಳಿದರೆ ಭಾರತದೊಳಗಿನಿಂದಲೇ ಯಾರೋ ನಮ್ಮವರು ಮಾತನಾಡುತ್ತಿದ್ದಾರೆ ಎನ್ನಿಸಬೇಕು. ಅದೇ ವರ್ಷ ಆಗಸ್ಟ್ 27ರಿಂದ ನವೆಂಬರ್ 12ರವರೆಗೆ ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರು ಮನೆಯಿಂದ ಮನೆಗೆ ಯಂತ್ರ ಹೊತ್ತು ನಡೆಸಿದ ಕಾಂಗ್ರೆಸ್ ರೇಡಿಯೋ ನಿಜಕ್ಕೂ ನಮ್ಮ ನೆಲದ್ದು, ನಮ್ಮ ಜನರ ದುಡ್ಡಿನದು. ಕತ್ತಲೆಯಲ್ಲಿ ರೇಡಿಯೋದ ಮುಳ್ಳು ತಿರುಗಿಸುತ್ತ ಕುಳಿತ ಒಬ್ಬ ಸಾಮಾನ್ಯ ಮನುಷ್ಯ ಇವೆರಡನ್ನೂ ಬೇರ್ಪಡಿಸುವುದು ಹೇಗೆ? ಒಂದು ಜೈಲಿಗೆ ಸಿದ್ಧರಾದ ಹುಡುಗ ಹುಡುಗಿಯರ ದನಿ, ಇನ್ನೊಂದು ಹಿಟ್ಲರನ ಖಜಾನೆಯಿಂದ ಬಂದದ್ದು. ನಾನು ಎರಡನ್ನೂ ಒಂದೇ ಉಸಿರಿನಲ್ಲಿ ಪಾಠ ಮಾಡಿದೆ. ಬೋಸರ ದೇಶಭಕ್ತಿಯ ಬಗ್ಗೆ ನನಗೆ ಆಗಲೂ ಸಂಶಯವಿರಲಿಲ್ಲ, ಈಗಲೂ ಇಲ್ಲ. ಸಂಶಯವಿಲ್ಲದ ಕಡೆಯೇ ನಾವು ಪ್ರಶ್ನೆ ಕೇಳುವುದನ್ನು ಬಿಟ್ಟುಬಿಡುತ್ತೇವೆಂದು ತೋರುತ್ತದೆ.

ಬರ್ಲಿನ್ ದೂರದ ಮಾತಾಯಿತು. ನಮ್ಮ ಮನೆಯ ಹಿತ್ತಲಲ್ಲೇ ನಡೆದದ್ದನ್ನು ಹೇಳುತ್ತೇನೆ. ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಳಗಾವಿ ದಾಟಿ ಲೋಂಡಾದಲ್ಲಿ ಗಾಡಿ ಬದಲಿಸಿದರೆ ಕ್ಯಾಸಲ್‌ರಾಕ್. ಅಲ್ಲಿಂದ ಘಟ್ಟ ಇಳಿದರೆ ಗೋವಾ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಆ ಘಟ್ಟದ ಕೆಳಗೆ ಪೋರ್ತುಗಾಲದ ರಾಜ್ಯವಿತ್ತು. ಪಣಜಿಯಲ್ಲಿ ಎಮಿಸೋರಾ ದಿ ಗೋವಾ ಎಂಬ ಅವರ ಸರ್ಕಾರಿ ಬಾನುಲಿ ಇತ್ತು. ಅದರ ಸಂಗೀತದ ಕಾರ್ಯಕ್ರಮಗಳಿಗೆ ಗಡಿಯ ಈಚೆಗೂ ಕೇಳುಗರಿದ್ದರು. ಅದು ತನ್ನ ಗುರುತನ್ನು ಮುಚ್ಚಿಡಲಿಲ್ಲ. ಸಾಲಜಾರನ ಸರ್ಕಾರದ ಬಾಯಿ ಅದು ಎಂದು ಕೇಳುವವರಿಗೆಲ್ಲ ಗೊತ್ತಿತ್ತು.

1955ರ ನವೆಂಬರ್ 25ರಂದು ಅದಕ್ಕೆ ಎದುರಾಗಿ ಇನ್ನೊಂದು ದನಿ ಎದ್ದಿತು. ಪೋರ್ತುಗೀಸ್ ಭಾಷೆಯಲ್ಲಿ ವೋಜ್ ದ ಲಿಬರ್ದಾದೆ, ಅಂದರೆ ಸ್ವಾತಂತ್ರ್ಯದ ದನಿ. ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೋ ಎಂಬ ಯುವಕ ಯುವತಿ ಪೋರ್ತುಗೀಸ್ ಮತ್ತು ಕೊಂಕಣಿಯಲ್ಲಿ ಗೋವಾದ ಜನರಿಗೆ ಸುದ್ದಿ ಹೇಳುತ್ತಿದ್ದರು. ನಿಸ್ತಂತು ಯಂತ್ರಗಳನ್ನು ಪ್ರಸಾರಕ್ಕೆ ಒಗ್ಗಿಸಿ, ಲಾರಿಯಲ್ಲಿ ಇಟ್ಟುಕೊಂಡು, ಮೊದಲು ಅಂಬೋಲಿಯ ಕಾಡಿನಲ್ಲಿ, ಆಮೇಲೆ ಕ್ಯಾಸಲ್‌ರಾಕ್ ಕಾಡಿನಲ್ಲಿ ಅವರು ಆರು ವರ್ಷ ಕಳೆದರು. ಮಳೆಗಾಲದ ಆ ಕಾಡನ್ನು ನೋಡಿದವರಿಗೆ ಅದು ಎಂಥ ತಪಸ್ಸೆಂದು ಅರ್ಥವಾದೀತು. 1961ರ ಡಿಸೆಂಬರ್‌ನಲ್ಲಿ ನಮ್ಮ ಸೇನೆ ಗೋವಾ ಪ್ರವೇಶಿಸುವ ಹೊತ್ತಿಗೆ, ಶರಣಾಗಬೇಕೆಂಬ ರಕ್ಷಣಾ ಸಚಿವ ಕೃಷ್ಣ ಮೆನನ್ನರ ಸಂದೇಶ ಪೋರ್ತುಗೀಸ್ ಗವರ್ನರ್ ಜನರಲ್‌ಗೆ ಈ ಕೇಂದ್ರದ ಮೂಲಕವೇ ಹೋಯಿತು. ವಿಮೋಚನೆಯ ನಂತರ ಅವರಿಬ್ಬರೂ ವಿಮಾನದಲ್ಲಿ ಗೋವಾದ ಮೇಲೆ ಹಾರುತ್ತ ಧ್ವನಿವರ್ಧಕದಿಂದ ಸುದ್ದಿ ಸಾರಿದರು. ಲಿಬಿಯಾ ಲೋಬೋ ಸರದೇಸಾಯಿಯವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆದರೂ ಒಮ್ಮೆ ಘಟ್ಟದ ಕೆಳಗೆ ನಿಂತು ನೋಡಿ. ಗಡಿಯ ಆಚೆಯಿಂದ, ಯಾವ ಜಾಗವೆಂದು ಹೇಳದೆ, ಒಂದು ಬಾನುಲಿ ಮಾತನಾಡುತ್ತಿದೆ. ಆ ಕಾಡಿರುವುದು ಭಾರತದಲ್ಲಿ. ಆ ದೇಶದ ರಕ್ಷಣಾ ಸಚಿವರ ಮಾತನ್ನೂ ಅದು ಬಿತ್ತರಿಸುತ್ತದೆ. ಭಾರತ ಸರ್ಕಾರದ ಅರಿವಿಲ್ಲದೆ ಆರು ವರ್ಷ ಅದು ಅಲ್ಲಿ ನಡೆಯುವುದು ಸಾಧ್ಯವಿರಲಿಲ್ಲವೆಂದೇ ನನ್ನ ಎಣಿಕೆ. ಪಣಜಿಯ ಅಧಿಕಾರಿಯ ಕಣ್ಣಿನಲ್ಲಿ ಅದು ಪರದೇಶದ ಗುಪ್ತ ಪ್ರಚಾರ. ಗೋವಾದ ದೇಶಭಕ್ತನಿಗೆ ಅದು ತನ್ನದೇ ದನಿ. ನಾನು ಎರಡನೆಯವನ ಪಕ್ಷ. ಪಕ್ಷ ಹಿಡಿದ ಮೇಲೂ ಮೊದಲನೆಯವನ ಮಾತು ಪೂರ್ತಿ ಸುಳ್ಳೆಂದು ಹೇಳಲು ಬಾಯಿ ಬರುವುದಿಲ್ಲ.

ರೇಡಿಯೋ ಸಿಲೋನ್ ಬಗ್ಗೆ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. 1952ರಲ್ಲಿ ಸಚಿವ ಬಿ.ವಿ. ಕೇಸ್ಕರ್ ಅವರು ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕಡಿವಾಣ ಹಾಕಿದರು. ಜನ ಸಿಲೋನ್ ಕಡೆ ತಿರುಗಿದರು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಬುಧವಾರದ ರಾತ್ರಿಗಳನ್ನು ಆಳಿತು. ಧಾರವಾಡ ಕೇಂದ್ರ 1950ರ ಜನವರಿಯಲ್ಲೇ ಆರಂಭವಾಗಿತ್ತು. ನಮ್ಮ ಮನೆಯಲ್ಲಿ ಹಿರಿಯರು ಧಾರವಾಡ ಕೇಳಿ ಎದ್ದ ಮೇಲೆ ಹುಡುಗರು ಸಿಲೋನ್ ಹಚ್ಚುವ ಪದ್ಧತಿ. ತಮಾಷೆಯೆಂದರೆ, ಸಿಲೋನ್ ಕೇಳುವುದಕ್ಕೂ ನಾವು ತಪಾಲು ಕಚೇರಿಯಲ್ಲಿ ಭಾರತ ಸರ್ಕಾರಕ್ಕೆ ವರ್ಷದ ಲೈಸೆನ್ಸ್ ಶುಲ್ಕ ಕಟ್ಟಿ ಪುಸ್ತಕದಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕಿತ್ತು. ನಮಗೆ ಗೊತ್ತಿರದಿದ್ದದ್ದು ಇನ್ನೊಂದು. 1951ರಲ್ಲಿ ಸಿಲೋನ್ ಸರ್ಕಾರ ಅಮೆರಿಕದೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಅಮೆರಿಕ ಪ್ರಸಾರ ಯಂತ್ರ ಕೊಡುವುದು, ಸಿಲೋನ್ ಅದಕ್ಕೆ ಬದಲಾಗಿ ವಾಯ್ಸ್ ಆಫ್ ಅಮೆರಿಕಕ್ಕೆ ಸಮಯ ಕೊಡುವುದು.

ಹನ್ನೆರಡು ವರ್ಷದ ಮೇಲೆ ಅದೇ ಬಗೆಯ ಕೊಡುಗೆ ನಮ್ಮ ಬಾಗಿಲಿಗೂ ಬಂತು. 1962ರ ಚೀನಾ ಯುದ್ಧದಲ್ಲಿ ನಮ್ಮ ಸೇನೆ ಮಾತ್ರವಲ್ಲ, ಬಾನುಲಿಯೂ ಬಡವಾಗಿತ್ತು. ಪೀಕಿಂಗ್ ರೇಡಿಯೋ ಗಟ್ಟಿಯಾಗಿ ಕೇಳಿಸುತ್ತಿತ್ತು. ಆಕಾಶವಾಣಿಯ ದನಿ ಪೂರ್ವದ ಗಡಿಗಳಾಚೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಆಗ 1963ರ ಜುಲೈನಲ್ಲಿ ಭಾರತ ಸರ್ಕಾರ ಅಮೆರಿಕದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿತು. ಕಲಕತ್ತೆಯ ಬಳಿ 1000 ಕಿಲೋವಾಟ್ ಸಾಮರ್ಥ್ಯದ ಮಧ್ಯಮ ತರಂಗದ ಯಂತ್ರ. ಆಕಾಶವಾಣಿ ಅದನ್ನು ಬಳಸಬಹುದು. ಆದರೆ ದಿನಕ್ಕೆ ಮೂರು ಗಂಟೆ ಕಾಲ ವಾಯ್ಸ್ ಆಫ್ ಅಮೆರಿಕ ಅದರಿಂದ ಆಗ್ನೇಯ ಏಷ್ಯಕ್ಕೆ ತನ್ನ ಕಾರ್ಯಕ್ರಮ ಬಿತ್ತರಿಸಬೇಕು.

ನಾನಾಗ ಕಾಲೇಜು ಹುಡುಗ. ಗೋಕಾಕದ ವಾಚನಾಲಯದ ಮೇಜಿನ ಸುತ್ತ ಪತ್ರಿಕೆಗಾಗಿ ಕಾಯುವ ಸಾಲಿನಲ್ಲಿ ನಾನೂ ಒಬ್ಬ. ಚಹಾದಂಗಡಿಯಲ್ಲಿ ಹಿರಿಯರೊಬ್ಬರು ಹೇಳಿದ ಮಾತು ನೆನಪಿದೆ: "ಬಂದೂಕು ಅವರ ಕಡೆಯಿಂದ ತಗೊಂಡ್ವಿ, ಅದು ಬ್ಯಾರೆ. ಬಾಯಿ ಹ್ಯಾಂಗ ಬಾಡಿಗಿ ಕೊಡೂದು?" ಅಮೆರಿಕದ ಶಸ್ತ್ರ ನೆರವು ಬಂದು ಆಗಿನ್ನೂ ವರ್ಷವಾಗಿರಲಿಲ್ಲ. ದಿಲ್ಲಿಯಲ್ಲಿ ನಡೆದ ವಾಗ್ವಾದದ ತಿರುಳೂ ಹೆಚ್ಚು ಕಡಿಮೆ ಇದೇ. ಅಲಿಪ್ತ ದೇಶದ ನೆಲದಿಂದ, ಅದರ ಗೋಪುರದಿಂದ, ಶೀತಲ ಸಮರದ ಒಂದು ಪಕ್ಷದ ಮಾತು ಹೊರಟರೆ ಕೇಳುವವನು ಅದನ್ನು ಯಾರದೆಂದು ತಿಳಿಯಬೇಕು? ಟೀಕೆ ಜೋರಾಯಿತು. ಒಪ್ಪಂದ ನಮ್ಮ ನೀತಿಗೆ ಹೊಂದುವುದಿಲ್ಲವೆಂಬ ನಿಲುವಿಗೆ ನೆಹರೂ ಬಂದರು. ಷರತ್ತು ಬದಲಿಸುವ ಮಾತು ಫಲಿಸದೆ ಅದು ಬಿದ್ದುಹೋಯಿತು. ಸಹಿ ಹಾಕಿದ ಸರ್ಕಾರವೇ ಹಿಂದೆ ಸರಿದದ್ದು ಮುಜುಗರದ ಸಂಗತಿ, ನಿಜ. ಆದರೂ ಆ ಮುಜುಗರ ಯೋಗ್ಯವಾದದ್ದೆಂದೇ ನನ್ನ ಅಭಿಪ್ರಾಯ. ಮುಂದೆ ಅದೇ ದಶಕದ ಕೊನೆಗೆ ಬಂಗಾಲದ ಚಿನ್ಸುರಾ ಬಳಿಯ ಮೊಗ್ರಾದಲ್ಲಿ ಅಷ್ಟೇ ದೊಡ್ಡ ಯಂತ್ರ ಬಂತು. ಯಂತ್ರ ಸೋವಿಯತ್ ದೇಶದ್ದು, ಮಾತು ಮಾತ್ರ ಆಕಾಶವಾಣಿಯದೇ.

ಸೋವಿಯತ್ ಎಂದಾಗ ನೆನಪಾಯಿತು. ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ನಿಮಗೆಲ್ಲ ಬಹುಮಾನವಾಗಿ ಕೊಡುತ್ತಿದ್ದ ಆ ದಪ್ಪ ರಟ್ಟಿನ, ಅಗ್ಗದ ಬೆಲೆಯ ರಷ್ಯನ್ ಪುಸ್ತಕಗಳಿಗೂ ಪರಸರ್ಕಾರದ ದುಡ್ಡೇ ಆಧಾರ. ಆದರೆ ಅವುಗಳ ಮೊದಲ ಪುಟದಲ್ಲಿ ಮಾಸ್ಕೋದ ಪ್ರಕಾಶನದ ಹೆಸರು ಅಚ್ಚಾಗಿರುತ್ತಿತ್ತು. ಓದುವವನು ತಿಳಿದೇ ಓದುತ್ತಿದ್ದ.

ಇಂದು ನಮ್ಮ ಕಾನೂನಿನ ದಾರಿ ಅಮೆರಿಕದ್ದಕ್ಕಿಂತ ಬೇರೆ. ನಮ್ಮದು ಹೆಚ್ಚಾಗಿ ಬಾಗಿಲು ಕಾಯುವ ಪದ್ಧತಿ. ವಿದೇಶಿ ವಂತಿಗೆ ನಿಯಂತ್ರಣದ ಮೊದಲ ಕಾನೂನು ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ. ಅದರ ಜಾಗಕ್ಕೆ ಬಂದ 2010ರ ಕಾನೂನು, ಸುದ್ದಿ ಪ್ರಸಾರ ಮಾಡುವ ಸಂಸ್ಥೆಗಳು ವಿದೇಶಿ ವಂತಿಗೆ ಪಡೆಯುವುದನ್ನೇ ನಿಷೇಧಿಸುತ್ತದೆ. ಹೂಡಿಕೆಯ ಮಾತು ಬೇರೆ. ಸುದ್ದಿ ವಾಹಿನಿಗಳಲ್ಲಿ ವಿದೇಶಿ ಪಾಲಿಗೆ 26 ಶೇಕಡಾ ಮಿತಿ ಇತ್ತು, 2015ರಲ್ಲಿ ಅದನ್ನು 49ಕ್ಕೆ ಏರಿಸಿದರು. ಖಾಸಗಿ ಎಫ್.ಎಂ. ಕೇಂದ್ರಗಳಿಗೆ ತಮ್ಮದೇ ಸುದ್ದಿ ಓದುವ ಹಕ್ಕಿಲ್ಲ, ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಬಹುದು. ಅಂತರ್ಜಾಲದ ಸುದ್ದಿ ತಾಣಗಳಿಗೆ 26ರ ಮಿತಿ ಬಂದ ಮೇಲೆ ಬಿ.ಬಿ.ಸಿ.ಯ ಭಾರತೀಯ ಭಾಷೆಗಳ ವಿಭಾಗಗಳು 2024ರ ಏಪ್ರಿಲ್‌ನಲ್ಲಿ ಕಲೆಕ್ಟಿವ್ ನ್ಯೂಸ್‌ರೂಮ್ ಎಂಬ ಭಾರತೀಯ ಕಂಪನಿಗೆ ಹೋದವು. ಕಾವಲು ಬಿಗಿಯಾಗಿದೆ, ಒಪ್ಪೋಣ. ಆದರೆ ಬಾಗಿಲೊಳಗೆ ಬಂದದ್ದರ ಹಣೆಯ ಮೇಲೆ ಹೆಸರು ಬರೆಯುವ ಕೆಲಸಕ್ಕೆ ನಾವು ಅಷ್ಟು ಮನಸ್ಸು ಕೊಟ್ಟಿಲ್ಲ. ಬಾಗಿಲು ಕಾಯುವವನಿಗೆ ಕೇಳುಗನ ಮೇಲೆ ನಂಬಿಕೆ ಕಡಿಮೆ. ಹೆಸರು ಬರೆಯುವವನು ಕೇಳುಗನನ್ನು ಪ್ರೌಢನೆಂದು ಭಾವಿಸುತ್ತಾನೆ. ಮೇಷ್ಟ್ರಾಗಿ ನಾನೂ ಬಹುಕಾಲ ಬಾಗಿಲು ಕಾಯುವವರ ಸಾಲಿನಲ್ಲೇ ಇದ್ದೆ.

ವಾಷಿಂಗ್ಟನ್ನಿನ ಆ ರಷ್ಯನ್ ಪ್ರಸಾರ 2024ರಲ್ಲಿ ನಿಂತುಹೋಯಿತು. ನನ್ನ ವಿದ್ಯಾರ್ಥಿಗೆ ದೂರವಾಣಿ ಮಾಡಿ "ಇಲ್ಲ" ಎಂದದ್ದನ್ನು ತಿದ್ದಬೇಕು. ಕ್ಯಾಸಲ್‌ರಾಕ್ ವಿಷಯ ಹೇಳಿದರೆ ಅವನು ನಗಬಹುದು. ನಮ್ಮ ಶಾಲೆಯ ಪ್ರವಾಸ ಆ ದಾರಿಯಲ್ಲಿ ಹೋದಾಗ ಅವನೂ ಇದ್ದ. ರೈಲಿನ ಕಿಟಕಿಯಿಂದ ನಾನು ಎಲ್ಲರಿಗೂ ದೂಧಸಾಗರವನ್ನು ತೋರಿಸಿದೆ, ಸುರಂಗಗಳನ್ನು ಎಣಿಸಿರೆಂದೆ. ಆ ಕಾಡಿನಿಂದ ಆರು ವರ್ಷ ಹೊರಟ ದನಿಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.